ಸುಳಿ ಸತ್ತ ಜೋಳ

ಆ ನೊಣವನ್ನು ತೋರಿಸು ಎಂದರೆ ತೋರಿಸುವುದು ಕಷ್ಟ. ಮನೆಯ ನೊಣಕ್ಕಿಂತ ಚಿಕ್ಕದು, ಬೂದಿ ಬಣ್ಣ, ಜೋಳದ ಪೈರಿನ ಹತ್ತಿರ ಕೈ ಹೋದರೆ ಸಾಕು ಹಾರಿಹೋಗುತ್ತದೆ. ಅದು ಬಂದು ಹೋದದ್ದು ಗೊತ್ತಾಗುವುದು ಮೊಟ್ಟೆಯಿಂದ. ಎಳೆಯ ಎಲೆಯನ್ನು ಬೆರಳ ಮೇಲೆ ಮಗುಚಿ ನೋಡಿದರೆ ನಡುನರದ ಪಕ್ಕದಲ್ಲಿ ಬೆಳ್ಳಗೆ, ಮುರಿದ ಸೂಜಿಯ ತುದಿಯಷ್ಟು, ಒಂದೇ ಒಂದು ಇರುತ್ತದೆ. ಎರಡು ಮೂರು ದಿನದಲ್ಲಿ ಅದರಿಂದ ಹೊರಟ ಹುಳು ಮೆಲ್ಲಗೆ ಇಳಿದು ಗಿಡದ ಒಳಕ್ಕೆ ಹೋಗುತ್ತದೆ. ಆಮೇಲೆ ನಡುವಿನ ಸುಳಿ ಒಣಗುತ್ತದೆ. ಸುತ್ತಲಿನ ಎಲೆಗಳು ಹಸಿರಾಗಿಯೇ ನಿಂತಿರುತ್ತವೆ, ದೂರದಿಂದ ನೋಡಿದವರಿಗೆ ಏನೂ ಆಗಿಲ್ಲವೆನಿಸುತ್ತದೆ. ಸುಳಿಯನ್ನು ಎರಡು ಬೆರಳಲ್ಲಿ ಹಿಡಿದರೆ ಎಳೆಯುವುದೇ ಬೇಡ, ತಾನಾಗಿ ಕೈಗೆ ಬರುತ್ತದೆ. ಅದರ ಬುಡದಲ್ಲಿ ಕೊಳೆತ ವಾಸನೆ.

ಇದನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಕಪ್ಪೆ, ಜಿರಳೆ ಕೊಯ್ದಿದ್ದೆ, ಅಷ್ಟೆ. ೧೯೬೬ರಲ್ಲಿ ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಹಂಗಾಮಿ ಕೆಲಸ ಸಿಕ್ಕಿತು. ಹೊಸ ಹೈಬ್ರಿಡ್ ಜೋಳ ಬಿತ್ತಿದ ಹೊಲಗಳಿಗೆ ಮೂರು ದಿನಕ್ಕೊಮ್ಮೆ ಹೋಗಿ, ಹತ್ತು ಕಡೆ ನಿಂತು, ಒಂದೊಂದು ಕಡೆ ಹತ್ತು ಗಿಡ ನೋಡಿ, ನೂರರಲ್ಲಿ ಎಷ್ಟು ಸುಳಿ ಸತ್ತಿವೆ ಎಂದು ರಿಜಿಸ್ಟರಿನಲ್ಲಿ ಬರೆಯುವುದು. ಯಾರ ಜೊತೆಯೂ ಹೆಚ್ಚು ಮಾತನಾಡಬೇಕಿಲ್ಲದ ಕೆಲಸ. ನನಗೆ ಹೇಳಿ ಮಾಡಿಸಿದಂತಿತ್ತು. ನಾನು ಬೆಳೆದದ್ದು ರೇಷ್ಮೆ ಮಗ್ಗದ ಮನೆಯಲ್ಲಿ. ಅಲ್ಲಿ ಮಾತನ್ನು ಮಗ್ಗದ ಸದ್ದಿನ ಮೇಲೆ ಕೂಗಿ ಆಡಬೇಕು. ಕೂಗಲು ಬಾರದವರು ಸುಮ್ಮನಿರುತ್ತಾರೆ. ನಾನು ಸುಮ್ಮನಿದ್ದು ಡೈರಿ ಬರೆಯುತ್ತಿದ್ದೆ.

ಮೊದಲ ವರ್ಷ ಹನೂರಿನ ಕಡೆ ದೊಡ್ಡಸಿದ್ದಯ್ಯ ಎಂಬವರ ಹೊಲ ನನ್ನ ಪಾಲಿಗೆ ಬಂದಿತ್ತು. ಅವರು ಭರಣಿ ಮಳೆಗೆ ಅರ್ಧ ಹೊಲ ಬಿತ್ತುವಷ್ಟರಲ್ಲಿ ಎತ್ತಿನ ಗೊರಸಿಗೆ ಪೆಟ್ಟಾಯಿತು. ಉಳಿದರ್ಧ ಬಿತ್ತಿದ್ದು ಮೂರು ವಾರದ ಮೇಲೆ. ಬೀಜ ಒಂದೇ, ಮಣ್ಣು ಒಂದೇ. ಮೊದಲು ಬಿತ್ತಿದ ಕಡೆ ನೂರಕ್ಕೆ ಏಳು ಸುಳಿ ಸತ್ತವು. ಆಮೇಲೆ ಬಿತ್ತಿದ ಕಡೆ ಐವತ್ತೆಂಟು. ನಾನು ಎಣಿಸಿದ್ದು ತಪ್ಪಿರಬೇಕೆಂದು ಇನ್ನೊಮ್ಮೆ ಎಣಿಸುತ್ತಿದ್ದಾಗ ದೊಡ್ಡಸಿದ್ದಯ್ಯ ನಕ್ಕರು.

“ಇನ್ನೊಂದ್ ಸಲ ಎಣುಸುದ್ರ ಬದುಕ್ಕಂತವ ಕಣವ್ವ? ತಡ್ವಾಗಿ ಬಿತ್ತುದ್ದು ನೊಣ್ದ ಪಾಲು. ಅದ್ಕ ಎಳೇದೇ ಬೇಕು. ಮೊದ್ಲ ಮಳ್ಗ ಆಕುದ್ದು, ನೊಣ ಎಚ್ಚಾಗೋ ಒತ್ಗ ಬಲ್ತಿರ್ತದ, ಅದ್ರ ಅಲ್ಲು ನಾಟಲ್ಲ.”

ಅದನ್ನು ಅವತ್ತೇ ಡೈರಿಯಲ್ಲಿ ಬರೆದೆ. ಎರಡು ಸಂಖ್ಯೆಗಳನ್ನೂ ರಿಜಿಸ್ಟರಿನಲ್ಲಿ ಬರೆದೆ. ಸಾಹೇಬರು ಶಿವನಂಜಯ್ಯನವರು ಪುಟ ತಿರುವಿ ಸಹಿ ಹಾಕಿದರು. ಯಾರೂ ಏನೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ.

ಮರುವರ್ಷ ನನ್ನ ಪಟ್ಟಿಯಲ್ಲಿದ್ದದ್ದು ಕಾಮಗೆರೆಯ ಪುಟ್ಟಮಾದಮ್ಮ. ಗಂಡ ಇಲ್ಲ, ಮಗಳು ಮದುವೆಯಾಗಿ ಹೋಗಿದ್ದಾಳೆ, ರಸ್ತೆಯ ಪಕ್ಕದಲ್ಲೇ ಒಂದೂವರೆ ಎಕರೆ ಹೊಲ. ಹೊಸ ಬೀಜದ ಬಿತ್ತನೆಗೆ ಒಪ್ಪಿಸಲು ನಾನು ಮೊದಲ ಸಲ ಹೋದಾಗ ಆಕೆ ಕೊಟ್ಟಿಗೆ ಬಾಚುತ್ತಿದ್ದಳು.

“ನಮ್ದೇ ಬಿತ್ನೆಕಾಳು ಮಡಕೆ ತುಂಬ ಅದ. ನಿಮ್ದ್ಯಾಕವ್ವ ನಂಗ?”

“ಇದರ ತೆನೆ ದೊಡ್ಡದು ಅವ್ವ. ಎರಡರಷ್ಟು ಬರುತ್ತೆ.”

“ರೊಟ್ಟಿ ತಿಂದ್ ನೋಡಿದ್ದಿಯ ಅದ್ರುದ್ದ?”

ನಾನು ತಿಂದಿರಲಿಲ್ಲ. ಇಲ್ಲ ಎಂದೆ. ಆಕೆ ಪೊರಕೆ ಹಿಡಿದುಕೊಂಡೇ ಜೋರಾಗಿ ನಕ್ಕಳು. “ಬಂದೋರೆಲ್ಲ ಜೇನ್ತುಪ್ಪ ಕಣಮ್ಮ, ಜೇನ್ತುಪ್ಪ ಅಂದ್ರು. ಸುಳ್ಳಾಡಕ್ಕ ಬರಾಕಿಲ್ಲ ನಿಂಗ. ಅಂಗಾರ ತಕಂಡ್ ಬಾ ಕೂಸೇ, ಆಕ್ತೀನಿ.”

ಅವತ್ತಿನಿಂದ ಹೋದಾಗಲೆಲ್ಲ ಒಂದು ಚೊಂಬು ಮಜ್ಜಿಗೆ ಕೊಡುತ್ತಿದ್ದಳು. ಹಸು ಮುದಿಯಾಗಿತ್ತು, ಹಾಲು ಇಳಿಯುತ್ತಾ ಬಂದಿತ್ತು. ಅದರ ಕರು ಚೆಂದ್ರಿ ಕಡಸಾಗಿ ಬೆಳೆದಿತ್ತು. “ಇದು ಈದ್ರ ನನ್ ಕಷ್ಟ ಕಳೀತದ,” ಎನ್ನುತ್ತಿದ್ದಳು. ನಾನು ಮಜ್ಜಿಗೆ ಕುಡಿಯುವಾಗ ಚೆಂದ್ರಿ ಹಿಂದಿನಿಂದ ಬಂದು ನನ್ನ ಸೆರಗಿನ ತುದಿ ಅಗಿಯುತ್ತಿತ್ತು.

ಆ ಸಲ ಭರಣಿ ಮಳೆ ಚೆನ್ನಾಗಿ ಬಂತು. ಬೀಜದ ಚೀಲಗಳು ಅದಕ್ಕೆ ವಾರ ಮೊದಲೇ ನಮ್ಮ ಗೋದಾಮಿಗೆ ಬಂದಿದ್ದವು. ಆದರೆ ಹಂಚುವುದಕ್ಕೆ ಒಂದು ಸಮಾರಂಭವಾಗಬೇಕಿತ್ತು. ಶಾಮಿಯಾನ, ಹಾರ, ಫೋಟೋ. ಬರಬೇಕಾಗಿದ್ದ ದೊಡ್ಡವರಿಗೆ ಪುರುಸೊತ್ತಾಗಲಿಲ್ಲ. ಒಮ್ಮೆ ಮುಂದಕ್ಕೆ ಹೋಯಿತು, ಮತ್ತೊಮ್ಮೆ ಹೋಯಿತು. ಗೋದಾಮಿನ ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲಿತ್ತು.

ಒಂದು ಸಂತೆಯ ದಿನ ಪುಟ್ಟಮಾದಮ್ಮ ಕಚೇರಿಯ ಬಾಗಿಲಿಗೇ ಬಂದು ನಿಂತಳು. ಕಾಲಲ್ಲಿ ಹಸಿ ಮಣ್ಣಿತ್ತು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಕೂಸೇ, ಬರಣಿ ಸುರ್ದು ಓಯ್ತು. ಎಲ್ಲಾರೂ ಬಿತ್ತವ್ರ. ನಾನು ಮನೆ ಕಾಳ್ನೇ ಆಕ್ಬುಡ್ಲ?”

“ಇನ್ನು ನಾಲ್ಕು ದಿನ ಕಾಯಿರಿ ಅವ್ವ. ಕೊಡ್ತಾರೆ.”

“ನೀನ್ ಅಂದ್ರ ಕಾಯ್ತೀನಿ.”

ಹಾಗೆಂದು ಹೋದಳು. ಡ್ರಾಯರಿನಲ್ಲಿ ಬೀಗದ ಕೈ, ಅದರ ಪಕ್ಕದಲ್ಲೇ ದೊಡ್ಡಸಿದ್ದಯ್ಯನವರ ಏಳು ಮತ್ತು ಐವತ್ತೆಂಟು ಇದ್ದ ರಿಜಿಸ್ಟರು. ಸಾಹೇಬರ ಕೋಣೆಗೆ ಹತ್ತು ಹೆಜ್ಜೆ. ಒಳಗೆ ಯಾರೋ ನಾಲ್ಕು ಜನ ಕೂತು ನಗುತ್ತಿದ್ದರು. ನಾನು ಎದ್ದೆ, ಸೆರಗು ಸರಿಮಾಡಿಕೊಂಡೆ, ಅವರು ಹೋಗಲಿ ಆಮೇಲೆ ಹೇಳೋಣ ಎಂದು ಕೂತೆ. ಅವರು ಹೋದ ಮೇಲೆ ಸಾಹೇಬರು ಊಟಕ್ಕೆ ಹೋದರು. ಮಾರನೆಯ ದಿನ ಹೇಳೋಣವೆಂದುಕೊಂಡೆ. ಹೀಗೆ ನಾಲ್ಕು ದಿನ ಇಪ್ಪತ್ತಾರು ದಿನವಾಯಿತು.

ಕೊನೆಗೆ ಸಮಾರಂಭವಾಗಿ, ಬೀಜ ಕಾಮಗೆರೆ ಮುಟ್ಟಿದಾಗ ರೋಹಿಣಿ ಮಳೆ ಮುಗಿಯುತ್ತಾ ಬಂದಿತ್ತು. ಬಿತ್ತನೆಯ ದಿನ ನಾನೂ ಹೋಗಿದ್ದೆ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಗೇಣು ಬಿಡಬೇಕೆಂದು ತೋರಿಸಿಕೊಡಬೇಕಿತ್ತು. ಪುಟ್ಟಮಾದಮ್ಮನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಚೀಲ ಬಿಚ್ಚಿದ ಕೂಡಲೇ ಒಂದು ಹಿಡಿ ಬೀಜ ತೆಗೆದು, ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿ ತೊಲೆಗೆ ತೂಗಿಹಾಕುವುದು. ಅದು ಮನೆದೇವರು ಮಾದಪ್ಪನ ಮೀಸಲು. ಸುಗ್ಗಿಯಾದ ಮೇಲೆ ಅದನ್ನು ಹೊಸ ಜೋಳದ ಜೊತೆ ಬೀಸಿ, ಮಾದಪ್ಪನ ಬೆಟ್ಟಕ್ಕೆ ಒಯ್ದು, ಪ್ರಸಾದವೆಂದು ಎಲ್ಲರಿಗೂ ಹಂಚುವುದು. ಆಕೆ ಗಂಟು ಕಟ್ಟಿ, ಮಣೆಯ ಮೇಲೆ ಹತ್ತಿ, ತೊಲೆಗೆ ಕೈ ಎತ್ತಿದ್ದಳು.

“ಅವ್ವ, ಅದು ಬೇಡ. ಆ ಬೀಜಕ್ಕೆ ಔಷಧಿ ಹಚ್ಚಿದ್ದಾರೆ, ವಿಷ. ಬೀಸಿ ತಿಂದರೆ ಜೀವಕ್ಕೆ ಅಪಾಯ.”

“ತೆಗ್ದಾಗೋಯ್ತಲ್ಲ ಕೂಸೇ. ಕಟ್ಟಾಯ್ತು.”

“ಬೇಡ ಅವ್ವ.”

ಆಕೆ ಮಣೆಯಿಂದಿಳಿದು ಗಂಟನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ಆಮೇಲೆ ಬಿಚ್ಚಿ ಚೀಲಕ್ಕೆ ಸುರಿದಳು. “ಈ ಓದ್ಕಂಡ ಕೂಸು ಬ್ಯಾಡ ಅಂತದ ಮಾದಪ್ಪ, ಅದ್ಕ,” ಎಂದು ಬೆಟ್ಟದ ದಿಕ್ಕಿಗೆ ಕೈ ಮುಗಿದಳು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಮಡಕೆಯಲ್ಲಿದ್ದ ಮನೆಯ ಜೋಳದಿಂದಲೇ ಒಂದು ಹಿಡಿ ಮೀಸಲಿಡಿ ಎನ್ನಲು ನನಗೆ ಹೊಳೆಯಲಿಲ್ಲ.

ಎಂಟನೆಯ ದಿನಕ್ಕೇ ಎಲೆಯ ಅಡಿಯಲ್ಲಿ ಮೊಟ್ಟೆ ಕಂಡವು. ಸುತ್ತಮುತ್ತಲಿನವರ ಜೋಳವೆಲ್ಲ ತೊಡೆಯೆತ್ತರ ಬಂದು ಬಲಿತಿತ್ತು. ಆ ಊರಿಗೆಲ್ಲ ಎಳೆಯದೆಂದರೆ ಇದೊಂದೇ ಹೊಲ. ಹದಿನಾಲ್ಕನೆಯ ದಿನ ನೂರಕ್ಕೆ ಮೂವತ್ತು. ಹದಿನೇಳಕ್ಕೆ ಐವತ್ತೆರಡು. ಇಪ್ಪತ್ತನೆಯ ದಿನ ನಾನು ಎಣಿಸುತ್ತಿದ್ದಾಗ ಪುಟ್ಟಮಾದಮ್ಮ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದು ಸುಳಿ ಕಿತ್ತಳು. ಮೂಸಿ ನೋಡಿ ಮುಖ ಕಿವುಚಿದಳು.

“ಯಾಕ ಕೂಸೇ ಇಂಗ?”

“ಒಂದು ನೊಣ ಅವ್ವ. ಅದರ ಹುಳ ಒಳಗೆ ಸೇರಿ ತಿನ್ನುತ್ತೆ.”

“ಆ ನೊಣ ನಂಗೊತ್ತಿಲ್ವ? ನಮ್ಮತ್ತ ಕಾಲ್ದಿಂದ ಅದ. ಬರಣಿಗೇ ದಟ್ಟಾಗಿ ಬಿತ್ತಿ, ಸತ್ತುದ್ದ ಕಿತ್ತಾಕಿ, ಉಳ್ದುದ್ದ ಬುಡ್ತಿದ್ದೋ. ಇಂಗ ಒಲಕ್ ಒಲಾನೇ ಓಗಿದ್ದ ನಾ ಕಂಡಿಲ್ಲ. ಅಗೊ ಕೆಂಚಯ್ಯನ್ ಒಲ ನೋಡು. ಅದೇ ಗಾಳಿ, ಅದೇ ಮಣ್ಣು. ನನ್ ಒಲಕ್ಕೇ ಯಾಕ ಬತ್ತು?”

ಬದುವಿನ ಮೇಲೆ ಬೀಡಿ ಹಚ್ಚಿ ನಿಂತಿದ್ದ ಪಕ್ಕದ ಹೊಲದ ಕೆಂಚಯ್ಯ ಅಲ್ಲಿಂದಲೇ ಕೂಗಿದ: “ಮಾದಪ್ಪನ್ ಕೈಯಿಂದ್ಲೇ ಮೀಸ್ಲು ಕಿತ್ಕಂಡ್ಯಲ್ಲಕ್ಕ! ಕೊಟ್ಟಂಗ್ ಕೊಟ್ಟು ಈಸ್ಕಂಡ್ರ ನಿಮ್ ಬೀಗ್ರೇ ಸುಮ್ನಿದ್ದರಾ? ಅವ್ನು ಮಾಯ್ಕಾರ. ಒಂದ್ ನೊಣ ಬುಟ್ಟವ್ನ ಅಷ್ಟೇಯ. ತಾನ್ ಏರೋ ಉಲಿ ಬುಡ್ಲಿಲ್ಲ ಅಂತ ಕುಸಿ ಪಡು!”

ಪುಟ್ಟಮಾದಮ್ಮ ಅವನಿಗೆ ತಿರುಗಿ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ನನ್ನ ಮುಖ ನೋಡಿದಳು. ಹೌದೋ ಅಲ್ಲವೋ ನೀನು ಹೇಳು ಎಂಬ ನೋಟ. ತಡವಾಗಿ ಬಿತ್ತಿದ್ದರಿಂದ ಹೀಗಾಯಿತು, ತಡ ಮಾಡಿಸಿದ್ದು ನಾನು. ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಗಿಡದ ಮೇಲೆ ಬಾಗಿ, “ಎಪ್ಪತ್ತೊಂದು,” ಎಂದು ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ.

ಕಚೇರಿಯಲ್ಲಿ ಶಿವನಂಜಯ್ಯನವರು ಪುಟ ನೋಡಿ, “ಈ ಹೊಲದ್ದು ಯಾಕಮ್ಮ ಇಷ್ಟು ಜಾಸ್ತಿ? ಷರಾ ಕಾಲಂ ಖಾಲಿ ಬಿಟ್ಟಿದ್ದೀರಿ, ಕಾರಣ ಬರೀರಿ,” ಎಂದು ಕಾಫಿಗೆ ಹೋದರು. ಹೀಗೆ ಬರೆ ಎಂದು ಅವರು ಹೇಳಲಿಲ್ಲ, ಯಾರೂ ಹೇಳಲಿಲ್ಲ. ನಾನು ದುಂಡಗೆ ಬರೆದೆ: ‘ರೈತ ಮಹಿಳೆಯು ಬಿತ್ತನೆಯನ್ನು ಮುಂದೂಡಿದ್ದರಿಂದ.’ ಶಾಯಿ ಆರುವ ತನಕ ಊದಿದೆ. ಆ ದಿನದ ಡೈರಿಯಲ್ಲಿ ಮೋಡ ಕವಿದಿತ್ತು ಎಂದಷ್ಟೇ ಇದೆ.

ಮುಂದಿನ ಸಲ ಹೋದಾಗ ಪುಟ್ಟಮಾದಮ್ಮ ಅಂಗಳದಲ್ಲಿ ಚೆಂದ್ರಿಯ ಮೈ ತೊಳೆಯುತ್ತಿದ್ದಳು. ಕೊಂಬಿನ ಮೊಳಕೆಗೆ ಅರಿಸಿನ ಬಳಿದಿತ್ತು. ಹೊಲಕ್ಕೆ ಆಗಲೇ ನೇಗಿಲು ಹೂಡಿಸಿ ಜೋಳವನ್ನೆಲ್ಲ ಮಗುಚಿದ್ದಳು. ಹಿಂಗಾರಿಗೆ ಹುರುಳಿ ಚೆಲ್ಲುತ್ತಾಳಂತೆ.

“ಅರಕೆ ಒತ್ತಿವ್ನಿ ಕೂಸೇ. ಅಮಾಸ್ಗ ಬೆಟ್ಟಕ್ಕ ನಡ್ಸ್ಕಂಡೋಗಿ ಇದ್ನ ಮಾದಪ್ಪನ್ಗ ಬುಟ್ಟು ಬತ್ತೀನಿ. ಒಂದಿಡಿ ಕಿತ್ಕಂಡೆ, ಕಡಸ್ನೇ ಕೊಟ್ಬುಟ್ಟೆ ಅಂತ ಕೇಳ್ಕಂಡಿವ್ನಿ. ಇನ್ನ ಏನೂ ಬಾಕಿ ಇಲ್ಲ ಅವ್ನ್ಗೂ ನಂಗೂ.”

ಮನಸ್ಸು ಹಗುರಾದವಳಂತೆ ನಗುತ್ತಲೇ ಹೇಳಿದಳು. ಒಳಗೆ ಹೋಗಿ ಮಜ್ಜಿಗೆ ತಂದಳು. ನೀರೇ ಹೆಚ್ಚಿತ್ತು. ನಾನು ಕುಡಿದೆ. ಚೆಂದ್ರಿ ಬಂದು ಸೆರಗು ಹಿಡಿಯಿತು. ಬಿಡಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ.

ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಮೂರು ದಿನ ಡೈರಿಯಲ್ಲಿ ಒಂದೇ ವಾಕ್ಯವನ್ನು ಬರೆದು ಹೊಡೆದೆ. ನಾಲ್ಕನೆಯ ದಿನ ಬೆಳಿಗ್ಗೆ ರಿಜಿಸ್ಟರನ್ನು ಕೈಚೀಲಕ್ಕೆ ಹಾಕಿಕೊಂಡು ಹನೂರಿನ ಬಸ್ಸು ಹತ್ತಿ ಕಾಮಗೆರೆಯಲ್ಲಿ ಇಳಿದೆ. ಪುಟ್ಟಮಾದಮ್ಮ ಜಗುಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದಳು.

“ಅವ್ವ, ಅದು ಮಾದಪ್ಪ ಮಾಡಿದ್ದಲ್ಲ,” ಎಂದೆ.

“ಯಾವ್ದು?”

ಹೇಳಿದೆ. ದೊಡ್ಡಸಿದ್ದಯ್ಯನವರ ಹೊಲದ್ದು ಹೇಳಿದೆ, ಏಳು ಮತ್ತು ಐವತ್ತೆಂಟು ಹೇಳಿದೆ, ಶಾಮಿಯಾನ ಹೇಳಿದೆ. ನೆಲ ನೋಡಿಕೊಂಡೇ ಹೇಳಿದೆ. ಮೊರದ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

“ನಾನ್ ಬಾಗ್ಲಲ್ಲಿ ನಿಂತಿದ್ನಲ್ಲ, ಅವತ್ತೂ ಕಾಳು ಅಲ್ಲೇ ಇತ್ತ?”

“ಇತ್ತು.”

“ಬೀಗ್ದ ಕೈ?”

“ನನ್ನ ಹತ್ತಿರ.”

“ನಿಂಗೊತ್ತಿತ್ತ, ತಡ್ವಾದ್ರ ನೊಣ ಬೀಳ್ತದ ಅಂತ?”

“ಗೊತ್ತಿತ್ತು.”

ಆಕೆ ಮೊರವನ್ನು ಪಕ್ಕಕ್ಕಿಟ್ಟಳು. ನನ್ನ ಕೈಚೀಲದ ಕಡೆ ನೋಡಿದಳು. “ಆ ಬುಕ್ಕಲ್ಲಿ ದಿನಾ ಬರ್ಕಂಡ್ಯಲ್ಲ. ನನ್ ಒಲ್ದ ಬಗ್ಗ ಏನ್ ಬರ್ದಿದ್ದಯ? ಓದು.”

ಆಕೆಗೆ ಅಕ್ಷರ ಬಾರದು. ನಾನು ಏನು ಬೇಕಾದರೂ ಓದಬಹುದಿತ್ತು. ರಿಜಿಸ್ಟರು ತೆಗೆದು ಇದ್ದದ್ದನ್ನೇ ಓದಿದೆ.

“ಅಂಗಂದ್ರ?”

“ನೀವೇ ತಡ ಮಾಡಿದಿರಿ ಅಂತ.”

ಬೈದಿದ್ದರೆ ಚೆನ್ನಾಗಿತ್ತು. ಆಕೆ ಆ ಸಾಲಿನ ಮೇಲೆ ಒಂದು ಬೆರಳಿಟ್ಟಳು. ಇದೇನಾ, ಎಂದಳು. ಹೌದು, ಎಂದೆ.

“ಸುಳ್ಳಾಡಕ್ಕ ಬರಾಕಿಲ್ಲ ಅಂದ್ಕಂಡಿದ್ದೆ ನಿಂಗ. ಬಾಯಲ್ ಬರಾಕಿಲ್ಲ. ಕೈಲಿ ಬತ್ತದ.”

ನಾನು ಅಲ್ಲೇ, ಆಕೆಯ ಎದುರಿಗೇ, ಆ ಸಾಲನ್ನು ಹೊಡೆದು ಹಾಕಿ ಕೆಳಗೆ ಬರೆದೆ: ‘ಬೀಜವು ಕಚೇರಿಯ ಗೋದಾಮಿನಲ್ಲಿದ್ದರೂ ಹಂಚಲು ಇಪ್ಪತ್ತಾರು ದಿನ ತಡವಾಯಿತು. ಬೀಗದ ಕೈ ನನ್ನಲ್ಲಿತ್ತು. ರೈತ ಮಹಿಳೆಯು ನನ್ನ ಮಾತಿನಂತೆ ಕಾದರು.’ ಓದಿ ಹೇಳಿದೆ. ಆಕೆ ಹೂಂ ಎಂದಳು.

“ಈಗ ಚೆಂದ್ರಿಯನ್ನ ಬಿಡಬೇಡಿ ಅವ್ವ. ನಿಮ್ಮಿಂದ ಏನೂ ತಪ್ಪಾಗಿಲ್ಲ.”

“ಮಾದಪ್ಪನ್ಗ ಅಂದ್ಬುಟ್ಟಿವ್ನಲ್ಲ.”

“ಗೊತ್ತಿಲ್ಲದೆ ಅಂದದ್ದು ತಾನೇ?”

“ನೋಡು ಕೂಸೇ.” ಧ್ವನಿ ಏರಲಿಲ್ಲ. “ಒಂದ್ಸಲ ಕೊಟ್ಟುದ್ದ ವಾಪಸ್ ಈಸ್ಕಂಡೆ, ನಿನ್ ಮಾತ್ ಕೇಳಿ. ಇನ್ನೊಂದ್ಸಲನೂ ನಿನ್ ಮಾತ್ ಕೇಳ್ಕಂಡು ವಾಪಸ್ ಈಸ್ಕಳ್ಲ?”

ನಾನು ರಿಜಿಸ್ಟರನ್ನು ಮುಚ್ಚಿ ಕೈಚೀಲಕ್ಕೆ ಹಾಕಿಕೊಂಡೆ.

“ಅವತ್ತು ಒಲ್ದಲ್ಲಿ ಕೇಳುದ್ನಲ್ಲ, ಅವತ್ತೇಳಿದ್ರ ನಾ ಅರಕೆ ಒರ್ತಿರ್ನಿಲ್ಲ,” ಎಂದು ಆಕೆ ಮೊರ ಎತ್ತಿಕೊಂಡಳು.

ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ನಾನು ಜಗುಲಿಯ ತುದಿಯಲ್ಲೇ ಕೂತಿದ್ದೆ. ಆಕೆ ರಾಗಿ ಕೇರಿ ಮುಗಿಸಿದಳು, ಕಲ್ಲು ಆರಿಸಿದಳು, ಒಳಗೆ ಹೋದಳು, ಹೊರಗೆ ಬಂದಳು. ಅವತ್ತು ಮಜ್ಜಿಗೆ ಕೊಡಲಿಲ್ಲ.

ಮಾರನೆಯ ದಿನ ರಿಜಿಸ್ಟರನ್ನು ಸಾಹೇಬರ ಮುಂದಿಟ್ಟೆ. ಕೆಲಸ ಹೋಗುತ್ತದೆಂದೇ ಮನಸ್ಸು ಮಾಡಿಕೊಂಡಿದ್ದೆ. ಅಪ್ಪನಿಗೆ ಏನು ಹೇಳುವುದೆಂದು ಕೂಡ ಬರೆದಿಟ್ಟುಕೊಂಡಿದ್ದೆ. ಶಿವನಂಜಯ್ಯನವರು ಕನ್ನಡಕ ಹಾಕಿಕೊಂಡು ಆ ಮೂರು ಸಾಲನ್ನೂ ಓದಿದರು.

“ಹೊಡೆದು ಹಾಕಿದ ಕಡೆ ನಿಮ್ಮ ಇನಿಷಿಯಲ್ ಇಲ್ಲ, ಹಾಕಿ,” ಎಂದರು. ಸಹಿ ಮಾಡಿದರು. ಆಮೇಲೆ ಪೆನ್ನಿನ ಟೋಪಿ ಮುಚ್ಚುತ್ತಾ, “ಆಗಲೇ ಬಂದು ಹೇಳಬಾರದಿತ್ತೇನಮ್ಮ? ಫೋಟೋಕ್ಕೆ ಅಂತ ನಾಲ್ಕು ಚೀಲ ಇಟ್ಟುಕೊಂಡು ಮಿಕ್ಕಿದ್ದನ್ನ ಹಂಚಿಬಿಡ್ತಿದ್ವಿ. ಅದರಲ್ಲೇನಿತ್ತು?” ಎಂದರು.

ಅದರಲ್ಲಿ ಏನೂ ಇರಲಿಲ್ಲ. ಹತ್ತು ಹೆಜ್ಜೆಯಿತ್ತು.

ಅಮಾವಾಸ್ಯೆಗೆ ಮೂರು ದಿನವಿರುವಾಗ ರಜೆ ಹಾಕಿ ಮೊದಲ ಬಸ್ಸಿಗೆ ಕಾಮಗೆರೆಗೆ ಹೋದೆ. ಹೊಲದ ಪಕ್ಕದ ರಸ್ತೆಯಲ್ಲೇ ಸಿಕ್ಕಳು. ಪುಟ್ಟಮಾದಮ್ಮ ಬರಿಗಾಲಲ್ಲಿ, ತಲೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು ನಡೆದಿದ್ದಳು. ಹಿಂದೆ ಹಗ್ಗದಲ್ಲಿ ಚೆಂದ್ರಿ. ಬದುವಿನಿಂದ ಕೆಂಚಯ್ಯ, “ನಂದೂ ಒಂದ್ ಕೈ ಮುಗಿಯಕ್ಕೋ,” ಎಂದು ಕೂಗಿದ. ಅವನ ಜೋಳ ಎದೆಯೆತ್ತರ ಬಂದಿತ್ತು.

ನಾನು ಚಪ್ಪಲಿ ಕಳಚಿ ಕೈಚೀಲಕ್ಕೆ ಹಾಕಿಕೊಂಡು ಜೊತೆಗೆ ನಡೆದೆ. ಸುಮಾರು ದೂರ ಹೋದ ಮೇಲೆ ಚೆಂದ್ರಿ ನಿಂತುಬಿಟ್ಟಿತು. ಮನೆಯ ದಿಕ್ಕಿಗೆ ತಿರುಗಿ ಕೂಗತೊಡಗಿತು. ಜಗ್ಗಿದರೂ ಬರಲಿಲ್ಲ. ಪುಟ್ಟಮಾದಮ್ಮ ಒಂದೆರಡು ಸಲ ಎಳೆದು ನೋಡಿ, ಮುಖ ಆಚೆ ಮಾಡಿ, ಹಗ್ಗವನ್ನು ನನ್ನ ಕಡೆ ಚಾಚಿದಳು.

“ಇಡ್ಕೊ. ನಿನ್ ಸೆರಗ್ನ ವಾಸ್ನೆ ಅದ್ಕ ಗೊತ್ತು.”

ನಾನು ಸೆರಗಿನ ತುದಿಯನ್ನು ಅದರ ಮೂತಿಗೆ ಹಿಡಿದೆ. ಅದು ಬಾಯಲ್ಲಿ ಕಚ್ಚಿಕೊಂಡು ನನ್ನ ಹಿಂದೆ ಬಂತು. ಬೆಟ್ಟದ ದಾರಿಯಲ್ಲಿ ಹನೂರಿನ ತನಕ ಹಾಗೆಯೇ ಬಂತು. ಆಕೆ ಹಗ್ಗವನ್ನು ತಿರುಗಿ ಕೇಳಲಿಲ್ಲ, ನಾನೂ ಕೊಡಲಿಲ್ಲ.